ದೊಡ್ಡ ಹೊಲಕ್ಕೆ ದೊಡ್ಡ ಪಾಲು

ಜನವರಿಯ ಮೂರನೆಯ ವಾರವೆಂದರೆ ಬರ್ಲಿನ್ನಿನಲ್ಲಿ ಮೂಳೆ ಕೊರೆಯುವ ಚಳಿ. 2012ರಲ್ಲಿ ಅಂಥದೊಂದು ಶುಕ್ರವಾರದ ಸಂಜೆ ನೂರಾರು ಯುವಕ ಯುವತಿಯರು ಉದ್ದನೆಯ ಮೇಜುಗಳ ಸುತ್ತ ನಿಂತು, ಕಿವಿಗಡಚಿಕ್ಕುವ ಸಂಗೀತದ ನಡುವೆ ರಾಶಿ ರಾಶಿ ತರಕಾರಿ ಹೆಚ್ಚಿದರು. ಸೊಟ್ಟಗೆ ಬೆಳೆದ ಕ್ಯಾರೆಟ್, ಗಂಟುಗಂಟಾದ ಆಲೂಗಡ್ಡೆ. ಅಂದವಿಲ್ಲವೆಂಬ ಒಂದೇ ಕಾರಣಕ್ಕೆ ಸೂಪರ್ ಮಾರ್ಕೆಟ್‌ಗಳು ಬೇಡವೆಂದದ್ದು, ಹೊಲದಲ್ಲೇ ಕೊಳೆಯಬೇಕಾಗಿದ್ದದ್ದು. ಮರುದಿನ ಅದೇ ತರಕಾರಿ ದೊಡ್ಡ ಹಂಡೆಗಳಲ್ಲಿ ಕುದಿದು ಸೂಪ್ ಆಯಿತು. ಟ್ರ್ಯಾಕ್ಟರುಗಳ ಹಿಂದೆ ಮೆರವಣಿಗೆ ಬಂದ ಸಾವಿರಾರು ಜನರ ಕೈಗೆ ಬಿಸಿಬಿಸಿಯಾಗಿ ಬಂತು. ಮುಂದಿನ ವರ್ಷಗಳಲ್ಲಿ ಅದೊಂದು ಸಂಪ್ರದಾಯವೇ ಆಗಿಹೋಯಿತು.

ಆ ಮೆರವಣಿಗೆಯ ಘೋಷಣೆ, ‘ನಮಗೆ ಸಾಕಾಗಿಹೋಗಿದೆ’. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ಹೊಟ್ಟೆ ತುಂಬಿದೆ ಎಂಬ ಅರ್ಥದ ನೆರಳೂ ಇದೆ. 2011ರಲ್ಲಿ ಮೊದಲ ಬಾರಿಗೆ ಹೊರಟಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಸಣ್ಣ ಹಿಡುವಳಿಯ ಹೈನುಗಾರರು, ಜೇನು ಸಾಕುವವರು, ಸಾವಯವ ಕೃಷಿಕರು, ಪಕ್ಷಿಪ್ರೇಮಿಗಳು, ಪ್ರಾಣಿ ದಯಾ ಸಂಘದವರು, ಚರ್ಚುಗಳ ಅಭಿವೃದ್ಧಿ ಸಂಸ್ಥೆಗಳವರು, ಜೊತೆಗೆ ಹೊಲವನ್ನೇ ಕಾಣದ ನಗರದ ಗೃಹಸ್ಥರು. ಮುಹೂರ್ತವನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದರು. ಅದೇ ದಿನಗಳಲ್ಲಿ ಬರ್ಲಿನ್ನಿನಲ್ಲಿ ‘ಹಸಿರು ಸಪ್ತಾಹ’ ಎಂಬ ಭಾರೀ ಕೃಷಿ ಮೇಳ ನಡೆಯುತ್ತದೆ. ನಾನಾ ದೇಶಗಳ ಕೃಷಿ ಸಚಿವರು ಬಂದಿರುತ್ತಾರೆ. ಅವರ ಕಿವಿಗೆ ಬೀಳಲೆಂದೇ ಈ ಗದ್ದಲ.

ಹೊಟ್ಟೆ ತುಂಬಿದ ದೇಶದಲ್ಲಿ ಊಟದ ಬಗ್ಗೆ ಇಷ್ಟೊಂದು ಸಿಟ್ಟೇಕೆ ಎಂದು ನಮಗೆ ಅನ್ನಿಸುವುದು ಸಹಜ. ಆ ಸಿಟ್ಟಿನ ಮೂಲ ಐರೋಪ್ಯ ಒಕ್ಕೂಟದ ‘ಸಮಾನ ಕೃಷಿ ನೀತಿ’ಯಲ್ಲಿದೆ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಅದನ್ನು ‘ಕ್ಯಾಪ್’ ಎನ್ನುತ್ತಾರೆ. 2021ರಿಂದ 2027ರವರೆಗಿನ ಏಳು ವರ್ಷಗಳಿಗೆ ಈ ನೀತಿಗೆಂದು ಒಕ್ಕೂಟ ತೆಗೆದಿಟ್ಟಿರುವ ಹಣ ಸುಮಾರು 38,700 ಕೋಟಿ ಯೂರೊ. ಅಂದರೆ ಒಟ್ಟು ಬಜೆಟ್ಟಿನ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. 1980ರ ದಶಕದಲ್ಲಿ ಇದು ಮೂರನೆಯ ಎರಡು ಪಾಲಿನಷ್ಟಿತ್ತು.

ಇಷ್ಟು ಹಣ ಸುರಿದ ಮೇಲೆ ರೈತ ಸುಖವಾಗಿರಬೇಕಲ್ಲ? 2005ರಿಂದ 2020ರ ನಡುವೆ, ಒಕ್ಕೂಟದ ಈಗಿನ 27 ದೇಶಗಳ ಲೆಕ್ಕ ಹಿಡಿದರೆ, ಸುಮಾರು 53 ಲಕ್ಷ ಹಿಡುವಳಿಗಳು ಕಣ್ಮರೆಯಾದವು. ಉಳಿದದ್ದು 91 ಲಕ್ಷ. ಮಾಯವಾದವುಗಳಲ್ಲಿ ಬಹುಪಾಲು ಐದು ಹೆಕ್ಟೇರಿಗಿಂತ, ಅಂದರೆ ಹನ್ನೆರಡೂವರೆ ಎಕರೆಗಿಂತ, ಚಿಕ್ಕವು. ಉಳಿದ ಹಿಡುವಳಿಗಳನ್ನು ನಡೆಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 55 ದಾಟಿದವರು. ನಲವತ್ತರೊಳಗಿನವರು ನೂರಕ್ಕೆ ಹನ್ನೆರಡು. ಮಗ ಊರು ಬಿಟ್ಟ, ಹೊಲ ಪಕ್ಕದವನ ಪಾಲಾಯಿತು ಎಂಬ ಕಥೆ ಮಂಡ್ಯ, ಹಾವೇರಿಗಳಿಗಷ್ಟೇ ಸೇರಿದ್ದಲ್ಲ.

ಈ ನೀತಿ ಹುಟ್ಟಿದ್ದು ಹಸಿವಿನಿಂದ ಎಂಬುದನ್ನು ಮರೆಯಬಾರದು. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನಕ್ಕೆ ಸಿಕ್ಕಿದ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗದಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಅನ್ನವಿಲ್ಲದೆ ಸತ್ತರು. ಜನ ಟ್ಯೂಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಅದನ್ನು ಕಣ್ಣಾರೆ ಕಂಡ ಸಿಕೊ ಮಾನ್ಸ್‌ಹೋಲ್ಟ್ ಎಂಬ ಡಚ್ ರೈತ ಯುದ್ಧ ಮುಗಿದೊಡನೆ ತನ್ನ ದೇಶದ ಕೃಷಿ ಸಚಿವನಾದ. ಮುಂದೆ ಐರೋಪ್ಯ ಆಯೋಗದ ಮೊದಲ ಕೃಷಿ ಆಯುಕ್ತನಾದ. ಇನ್ನೆಂದೂ ಯುರೋಪ್ ಹಸಿಯಬಾರದು ಎಂಬುದು ಆ ತಲೆಮಾರಿನ ಹಟ. 1957ರ ರೋಮ್ ಒಪ್ಪಂದ ಕೃಷಿ ನೀತಿಗೆ ಐದು ಗುರಿಗಳನ್ನಿಟ್ಟಿತು: ಉತ್ಪಾದಕತೆಯ ಹೆಚ್ಚಳ, ಕೃಷಿಕರಿಗೆ ನ್ಯಾಯವಾದ ಜೀವನಮಟ್ಟ, ಸ್ಥಿರ ಮಾರುಕಟ್ಟೆ, ಪೂರೈಕೆಯ ಭರವಸೆ, ಬಳಕೆದಾರನಿಗೆ ಹಿತವಾದ ಬೆಲೆ. ಮಣ್ಣು, ನೀರು, ಹಕ್ಕಿ, ಹುಳುಗಳ ಮಾತು ಅದರಲ್ಲಿಲ್ಲ. ಆ ಕಾಲಕ್ಕೆ ಅದು ಸಹಜ. ಆದರೆ 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದಲ್ಲೂ ಆ ಐದು ಗುರಿಗಳು ಹಾಗೆಯೇ ಉಳಿದುಬಂದದ್ದನ್ನು ಸಹಜ ಎನ್ನಲಾಗದು.

1962ರಿಂದ ಶುರುವಾದ ವ್ಯವಸ್ಥೆ ಸರಳವಾಗಿತ್ತು. ಬೆಲೆ ಒಂದು ಮಟ್ಟಕ್ಕಿಂತ ಇಳಿದರೆ ಸರ್ಕಾರವೇ ಕೊಳ್ಳುತ್ತದೆ. ಎಷ್ಟು ತಂದರೂ ಕೊಳ್ಳುತ್ತದೆ. ಫಲವಾಗಿ ಬೆಣ್ಣೆಯ ಬೆಟ್ಟಗಳೆದ್ದವು, ದ್ರಾಕ್ಷಾರಸದ ಸರೋವರಗಳು ತುಂಬಿದವು. ಪತ್ರಿಕೆಗಳು ಕೊಟ್ಟ ಈ ಹೆಸರುಗಳು ಅಲ್ಲಿ ಇಂದಿಗೂ ನಾಣ್ಣುಡಿಗಳಂತೆ ಉಳಿದಿವೆ. ಶೀತಲ ಗೃಹಗಳಲ್ಲಿ ಜಾಗವಿಲ್ಲದೆ 1973ರಲ್ಲಿ ಎರಡು ಲಕ್ಷ ಟನ್ ಬೆಣ್ಣೆಯನ್ನು ಸೋವಿಯತ್ ಒಕ್ಕೂಟಕ್ಕೆ ಮಣ್ಣಿನ ಬೆಲೆಗೆ ಮಾರಿದಾಗ ಸ್ವಂತ ಬಳಕೆದಾರರೇ ರೊಚ್ಚಿಗೆದ್ದರು. ಇಷ್ಟರೊಳಗೆ ಮಾನ್ಸ್‌ಹೋಲ್ಟ್‌ಗೆ ತಾನು ಕಟ್ಟಿದ ಯಂತ್ರದ ದೋಷ ಹೊಳೆದಿತ್ತು. 1968ರ ಕೊನೆಯಲ್ಲಿ ಆತ ಮುಂದಿಟ್ಟ ಯೋಜನೆಯ ಸಾರವಿಷ್ಟೆ: ಸುಮಾರು ಐವತ್ತು ಲಕ್ಷ ಜನ ಬೇಸಾಯ ಬಿಡಬೇಕು, ಉಳಿದವರ ಹಿಡುವಳಿ ದೊಡ್ಡದಾಗಬೇಕು. 1971ರ ಮಾರ್ಚ್‌ನಲ್ಲಿ ಲಕ್ಷದ ಹತ್ತಿರ ರೈತರು ಬ್ರಸೆಲ್ಸ್‌ಗೆ ನುಗ್ಗಿದರು, ಒಬ್ಬ ರೈತ ಜೀವ ಕಳೆದುಕೊಂಡ, ಯೋಜನೆ ಮೂಲೆ ಸೇರಿತು. ಕಾಗದದ ಮೇಲೆ ಮೂಲೆ ಸೇರಿತು, ಅಷ್ಟೆ. ಆತ ಹೇಳಿದ್ದೆಲ್ಲ ಮುಂದಿನ ಐವತ್ತು ವರ್ಷಗಳಲ್ಲಿ ಆದೇಶವಿಲ್ಲದೆಯೇ ನಡೆದುಹೋಯಿತು. ವಿಚಿತ್ರವೆಂದರೆ ಮಾನ್ಸ್‌ಹೋಲ್ಟ್ ಸ್ವತಃ ತನ್ನ ಕೊನೆಯ ದಶಕಗಳಲ್ಲಿ ಪರಿಸರವಾದದ ಕಡೆ ಹೊರಳಿದ. ಬೆಳವಣಿಗೆಗೆ ಮಿತಿಯಿದೆ ಎಂಬ ವಾದವನ್ನು ಎತ್ತಿ ಹಿಡಿದ.

ಆ ಬೆಣ್ಣೆಯ ಬೆಟ್ಟಕ್ಕೂ ನಮಗೂ ಒಂದು ನಂಟಿದೆ. 1970ರಲ್ಲಿ ಆರಂಭವಾದ ನಮ್ಮ ‘ಆಪರೇಷನ್ ಫ್ಲಡ್’ ಯೋಜನೆಯ ಮೊದಲ ಹಂತಕ್ಕೆ ಬಂಡವಾಳ ಬಂದದ್ದು, ಯುರೋಪ್ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ದಾನವಾಗಿ ಕೊಟ್ಟ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆಯಿಂದ. ವರ್ಗೀಸ್ ಕುರಿಯನ್ ಅದನ್ನು ಬಿಟ್ಟಿ ಹಂಚಿಬಿಡಲು ಒಪ್ಪಲಿಲ್ಲ. ಪುಡಿಯನ್ನು ಹಾಲಾಗಿಸಿ ಮಹಾನಗರಗಳಲ್ಲಿ ಮಾರಿಸಿದರು. ಬಂದ ಹಣವನ್ನು ಹಳ್ಳಿಯ ಸಹಕಾರ ಸಂಘಗಳಿಗೂ ಡೇರಿಗಳಿಗೂ ತೊಡಗಿಸಿದರು. ಅದೇ ಪುಡಿ ಬಿಟ್ಟಿ ಸರಕಾಗಿ ಪೇಟೆಗೆ ನುಗ್ಗಿದ್ದರೆ ನಮ್ಮ ಹಾಲಿನವರ ಗತಿ ಏನಾಗುತ್ತಿತ್ತು? ಪಶ್ಚಿಮ ಆಫ್ರಿಕಾದ ಪಶುಪಾಲಕರನ್ನು ಕೇಳಿದರೆ ತಿಳಿಯುತ್ತದೆ. ರಫ್ತು ಸಬ್ಸಿಡಿಯ ಬಲದಿಂದ ಅಸಲಿಗಿಂತ ಅಗ್ಗವಾಗಿ ಹೊರಟ ಐರೋಪ್ಯ ಹಾಲಿನ ಪುಡಿ ಅಲ್ಲಿಯ ಹಾಲನ್ನು ಪೇಟೆಯಿಂದ ಹೊರದಬ್ಬಿತು.

ಯುರೋಪಿನ ನಾಗರಿಕ ಸಂಘಟನೆಗಳು ಕೃಷಿ ನೀತಿಯ ವಿರುದ್ಧ ಮೊದಲು ದನಿಯೆತ್ತಿದ್ದು ತಮ್ಮ ಊರಿನ ಹಕ್ಕಿಗಳಿಗಾಗಿ ಮಾತ್ರವಲ್ಲ, ಈ ಅನ್ಯಾಯಕ್ಕಾಗಿಯೂ. ‘ಯುರೋಪಿನ ಒಂದು ಹಸುವಿಗೆ ದಿನಕ್ಕೆ ಎರಡು ಡಾಲರಿಗೂ ಹೆಚ್ಚು ಸಬ್ಸಿಡಿ, ಜಗತ್ತಿನ ಅರ್ಧದಷ್ಟು ಜನರ ದಿನದ ಸಂಪಾದನೆ ಅದಕ್ಕಿಂತ ಕಡಿಮೆ’ ಎಂಬ ಲೆಕ್ಕವನ್ನು 2002ರಲ್ಲಿ ಬ್ರಿಟನ್ನಿನ ಕ್ಯಾಥೊಲಿಕ್ ಸೇವಾಸಂಸ್ಥೆ ಕ್ಯಾಫೋಡ್ ಮತ್ತು ಆಕ್ಸ್‌ಫ್ಯಾಮ್ ಜಗತ್ತಿನ ಬಾಯಿಗೆ ಹಾಕಿದವು. ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇತ್ತೆಂಬುದು ನಿಜ, ಏಕೆಂದರೆ ಆ ಮೊತ್ತದಲ್ಲಿ ಆಮದು ಸುಂಕದಿಂದ ಏರಿದ ಬೆಲೆಯೂ ಸೇರಿತ್ತು. ಆದರೆ ಸುಳ್ಳಾಗಿರಲಿಲ್ಲ. ಎಲ್ಲ ದೇಶಗಳ ಕೃಷಿ ರಫ್ತು ಸಬ್ಸಿಡಿಗಳನ್ನೂ ರದ್ದು ಮಾಡುವ ತೀರ್ಮಾನವನ್ನು ವಿಶ್ವ ವ್ಯಾಪಾರ ಸಂಸ್ಥೆ ಕೈಗೊಂಡದ್ದು 2015ರ ಡಿಸೆಂಬರಿನಲ್ಲಿ, ನೈರೋಬಿಯಲ್ಲಿ.

ಈ ಹೋರಾಟದಲ್ಲಿ ಹಸಿರು ಶಾಲಿನ ಪಾಲೂ ಇತ್ತೆಂಬುದನ್ನು ನಾವೇ ಮರೆತಿದ್ದೇವೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ ‘ಲಾ ವಿಯಾ ಕಂಪೆಸಿನಾ’ ಎಂಬ ಅಂತರರಾಷ್ಟ್ರೀಯ ರೈತ ಚಳವಳಿಯ ಸದಸ್ಯ. 1999ರ ಮೇ-ಜೂನ್‌ನಲ್ಲಿ ಕರ್ನಾಟಕ, ಪಂಜಾಬ್ ಮುಂತಾದ ಕಡೆಗಳ ನೂರಾರು ರೈತರು ಖಂಡಾಂತರ ಜಾಥಾ ಹೊರಟು, ಬಸ್ಸುಗಳಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಿ, ಜಿ-8 ಶೃಂಗಸಭೆಯ ಹೊತ್ತಿಗೆ ಜರ್ಮನಿಯ ಕಲೋನ್ ತಲುಪಿದ್ದರು. ದಾರಿಯುದ್ದಕ್ಕೂ ಅಲ್ಲಿಯ ಸಣ್ಣ ರೈತರ ಮನೆಗಳಲ್ಲಿ, ಶಾಲೆಗಳಲ್ಲಿ ತಂಗಿದರು. ಆಗ ನಮ್ಮ ಪತ್ರಿಕೆಗಳಲ್ಲಿ ಅದನ್ನು ಗೇಲಿ ಮಾಡಿದವರುಂಟು; ‘ಸಬ್ಸಿಡಿ ತಿನ್ನುವ ಯುರೋಪಿನ ರೈತನ ಜೊತೆ ನಮ್ಮ ರೈತನಿಗೇನು ಗೆಳೆತನ’ ಎಂದು ಕೇಳಿದವರುಂಟು. ಪ್ರಶ್ನೆ ಸರಿಯಾದದ್ದೇ. ಆ ಸಬ್ಸಿಡಿಯನ್ನು ನಿಜವಾಗಿ ತಿನ್ನುವವರು ಯಾರೆಂದು ಗೊತ್ತಾದರೆ ಉತ್ತರವೂ ಸಿಗುತ್ತದೆ.

1992ರವರೆಗೆ ಹಣ ಬೆಲೆಯ ರೂಪದಲ್ಲಿ ಹೋಗುತ್ತಿತ್ತು. ಆ ವರ್ಷ ಕೃಷಿ ಆಯುಕ್ತರಾಗಿದ್ದ ಐರ್ಲೆಂಡಿನ ರೇ ಮ್ಯಾಕ್‌ಶಾರಿ ಬೆಂಬಲ ಬೆಲೆ ಇಳಿಸಿ, ನಷ್ಟಕ್ಕೆ ಪ್ರತಿಯಾಗಿ ನೇರವಾಗಿ ರೈತನಿಗೆ ಹಣ ಕೊಡುವ ಪದ್ಧತಿ ತಂದರು. 2003ರಲ್ಲಿ ಆಸ್ಟ್ರಿಯದ ಫ್ರಾಂಜ್ ಫಿಶ್ಲರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೈತ ಏನು ಬೆಳೆದ, ಎಷ್ಟು ಬೆಳೆದ ಎಂಬುದಕ್ಕೂ ಹಣಕ್ಕೂ ಇದ್ದ ಸಂಬಂಧವನ್ನು ಬಹುಮಟ್ಟಿಗೆ ಕಡಿದರು. ಅತಿ ಉತ್ಪಾದನೆ ತಗ್ಗಿತು, ಬೆಟ್ಟಗಳು ಕರಗಿದವು. ಆದರೆ ಹಣ ಹಂಚಲು ಏನಾದರೊಂದು ಅಳತೆ ಬೇಕಲ್ಲ? ಅಳತೆ ಹೆಕ್ಟೇರು ಆಯಿತು. ಹೆಕ್ಟೇರಿಗೆ ಇಂತಿಷ್ಟು. ಹತ್ತು ಹೆಕ್ಟೇರಿನವನಿಗೆ ಹತ್ತರಷ್ಟು, ಹತ್ತು ಸಾವಿರ ಹೆಕ್ಟೇರಿನವನಿಗೆ ಹತ್ತು ಸಾವಿರದಷ್ಟು.

ಮೇಲ್ನೋಟಕ್ಕೆ ಇದರಷ್ಟು ನಿಷ್ಪಕ್ಷಪಾತವಾದ ಸೂತ್ರ ಇನ್ನೊಂದಿಲ್ಲ. ನಡೆದದ್ದೇನು? ನೇರ ಪಾವತಿಯ ನೂರಕ್ಕೆ ಎಂಬತ್ತು ಪಾಲು ನೂರಕ್ಕೆ ಇಪ್ಪತ್ತು ಫಲಾನುಭವಿಗಳ ಕೈಸೇರುತ್ತದೆ ಎಂಬುದು ವಿರೋಧಿಗಳು ಕಟ್ಟಿದ ಮಾತಲ್ಲ. ಐರೋಪ್ಯ ಆಯೋಗವೇ ವರ್ಷ ವರ್ಷ ಒಪ್ಪಿಕೊಂಡು ಬಂದಿರುವ ಲೆಕ್ಕ. ಜಮೀನು ಇಟ್ಟುಕೊಂಡರೆ ಹಣ ಬರುವುದಾದರೆ ಜಮೀನಿನ ಬೆಲೆಯೂ ಗೇಣಿಯೂ ಏರುತ್ತವೆ. ಏರಿದ ಗೇಣಿಯನ್ನು ಹೊಸದಾಗಿ ಬೇಸಾಯಕ್ಕಿಳಿಯುವ ಯುವಕ ಕಟ್ಟಲಾರ. ಪಿಂಚಣಿ ನಿಧಿಗಳೂ ಹೂಡಿಕೆ ಕಂಪನಿಗಳೂ ಕಟ್ಟಬಲ್ಲವು. ರುಮೇನಿಯದ ಉದಾಹರಣೆ ನೋಡಿ. ಒಕ್ಕೂಟದ ಒಟ್ಟು ಹಿಡುವಳಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಆ ಒಂದು ದೇಶದಲ್ಲಿದೆ. ಹೆಚ್ಚಿನವು ತುಂಡು ಹೊಲಗಳು. ಒಂದು ಹೆಕ್ಟೇರಿಗಿಂತ ಕಡಿಮೆ ಇರುವವನಿಗೆ ನೇರ ಪಾವತಿಯ ಬಾಗಿಲೇ ತೆರೆಯುವುದಿಲ್ಲ. ಅದೇ ದೇಶದಲ್ಲಿ ಡ್ಯಾನ್ಯೂಬ್ ನದಿಯ ಒಂದು ದ್ವೀಪದ ಐವತ್ತು ಸಾವಿರ ಹೆಕ್ಟೇರಿಗೂ ಹೆಚ್ಚಿನ ಬೇಸಾಯ ಒಂದೇ ಸಂಸ್ಥೆಯ ಕೈಯಲ್ಲಿದೆ. 2018ರಲ್ಲಿ ಅದನ್ನು ಅಬುಧಾಬಿ ಮೂಲದ ಕಂಪನಿಯೊಂದು ಕೊಂಡಿತು. ಬ್ರಸೆಲ್ಸ್‌ನ ಸೂತ್ರ ಇಬ್ಬರಿಗೂ ಒಂದೇ.

ನಮ್ಮ ಪಿಎಂ-ಕಿಸಾನ್ ಯೋಜನೆ ಈ ಒಂದು ವಿಷಯದಲ್ಲಿ ಮೇಲು. ಎರಡು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ವರ್ಷಕ್ಕೆ ಅದೇ ಆರು ಸಾವಿರ ರೂಪಾಯಿ. ಆದರೆ ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಇಲ್ಲಿಯೂ ಏನೂ ಇಲ್ಲ.

ಹಣ ಯಾರಿಗೆ ಹೋಗುತ್ತಿದೆ ಎಂಬುದು ಬಹುಕಾಲ ಗುಟ್ಟಾಗಿಯೇ ಇತ್ತು. ಯಾವ ದೇಶಕ್ಕೆ ಎಷ್ಟು ಎಂದು ಹೇಳುತ್ತಿದ್ದರೇ ಹೊರತು ಯಾವ ಮನುಷ್ಯನಿಗೆ, ಯಾವ ಕಂಪನಿಗೆ ಎಷ್ಟು ಎಂದು ಹೇಳುತ್ತಿರಲಿಲ್ಲ. ಈ ಗೋಡೆಗೆ ಮೊದಲ ಬಿರುಕು ಬಿಟ್ಟವರು ಡೆನ್ಮಾರ್ಕಿನ ಪತ್ರಕರ್ತರು. ಮಾಹಿತಿ ಹಕ್ಕಿನ ಕಾನೂನು ಬಳಸಿ ಅವರು ಪಟ್ಟಿ ಪಡೆದರು. 2005ರಲ್ಲಿ ಬ್ರಿಟನ್ನಿನ ಹೊಸ ಮಾಹಿತಿ ಕಾಯ್ದೆ ಜಾರಿಗೆ ಬರುತ್ತಲೇ ಅಲ್ಲಿಯ ಪಟ್ಟಿಯೂ ಹೊರಬಿತ್ತು. ರಾಣಿ ಎಲಿಜಬೆತ್, ಡ್ಯೂಕುಗಳು, ಸಕ್ಕರೆ ಕಂಪನಿಗಳು, ಬಹುರಾಷ್ಟ್ರೀಯ ಆಹಾರ ಸಂಸ್ಥೆಗಳು. ರೈತನೆಂದರೆ ಕೆಸರು ಮೆತ್ತಿದ ಬೂಟಿನ ಬಡಪಾಯಿ ಎಂದುಕೊಂಡಿದ್ದ ತೆರಿಗೆದಾರ ಬೆಚ್ಚಿಬಿದ್ದ. ಅದೇ ವರ್ಷ ಜ್ಯಾಕ್ ಥರ್ಸ್ಟನ್, ನಿಲ್ಸ್ ಮುಲ್‌ವಾಡ್, ಬ್ರಿಗಿಟೆ ಆಲ್ಫ್ಟರ್ ಎಂಬ ಮೂವರು ಸೇರಿ ದೇಶ ದೇಶಗಳಿಂದ ಪಟ್ಟಿಗಳನ್ನು ಕಿತ್ತು ತಂದು ಒಂದೇ ಕಡೆ ಸಾರ್ವಜನಿಕರ ಮುಂದಿಡುವ ‘ಫಾರ್ಮ್ ಸಬ್ಸಿಡಿ’ ಎಂಬ ಯೋಜನೆ ಆರಂಭಿಸಿದರು. ನಮ್ಮ ಮಾಹಿತಿ ಹಕ್ಕು ಕಾಯ್ದೆ ಬಂದದ್ದೂ 2005ರಲ್ಲೇ.

ಒತ್ತಡ ಫಲಿಸಿತು. 2009ರಿಂದ ಎಲ್ಲ ಸದಸ್ಯ ದೇಶಗಳೂ ಪಟ್ಟಿ ಪ್ರಕಟಿಸಬೇಕೆಂದು ಒಕ್ಕೂಟ ನಿಯಮ ಮಾಡಿತು. ಗೆಲುವಿನ ಸವಿ ಒಂದೂವರೆ ವರ್ಷ ಮಾತ್ರ. ಜರ್ಮನಿಯ ಹೆಸ್ಸೆ ರಾಜ್ಯದ ಒಬ್ಬ ರೈತ ಮತ್ತು ಒಂದು ಕೃಷಿ ಪಾಲುದಾರಿಕೆ ಸಂಸ್ಥೆ ‘ನಮ್ಮ ಖಾಸಗಿತನಕ್ಕೆ ಧಕ್ಕೆಯಾಗಿದೆ’ ಎಂದು ದಾವೆ ಹೂಡಿದರು. 2010ರ ನವೆಂಬರ್ 9ರಂದು ಐರೋಪ್ಯ ನ್ಯಾಯಾಲಯ, ಕಂಪನಿಗಳ ಮಾತು ಬೇರೆ, ವ್ಯಕ್ತಿಗಳ ಹೆಸರನ್ನು ಮೊತ್ತದ ಪರಿಗಣನೆಯೂ ಇಲ್ಲದೆ ಹೀಗೆ ಸಾರಾಸಗಟಾಗಿ ಪ್ರಕಟಿಸುವುದು ಮಿತಿಮೀರಿದ ಕ್ರಮ ಎಂದಿತು. ಲಕ್ಷಾಂತರ ಹೆಸರುಗಳು ರಾತ್ರೋರಾತ್ರಿ ಮರೆಯಾದವು. ತೀರ್ಪಿನಲ್ಲಿ ಹುರುಳಿಲ್ಲವೆನ್ನಲಾಗದು. ವರ್ಷಕ್ಕೆ ಸಾವಿರ ಯೂರೊ ಪಡೆಯುವ ಮುದುಕನ ಹೆಸರನ್ನು ಊರಿಗೆಲ್ಲ ಸಾರುವ ಅಗತ್ಯವಾದರೂ ಏನು? 2013ರ ಸುಧಾರಣೆ ಕೊನೆಗೆ ಮಧ್ಯಮ ಮಾರ್ಗ ಹಿಡಿಯಿತು: 1,250 ಯೂರೊಗಿಂತ ಕಡಿಮೆ ಪಡೆಯುವವರ ಹೆಸರು ಗೋಪ್ಯ, ಉಳಿದವರದು ಬಹಿರಂಗ. ಆದರೆ ಸರ್ಕಾರಿ ಪಟ್ಟಿ ಜನರ ಕಣ್ಣಿಗೆ ಸಿಗುವುದು ಎರಡೇ ವರ್ಷ. ಆಮೇಲೆ ಅಳಿಸಿಹೋಗುತ್ತದೆ. ಹಳೆಯದನ್ನು ಕೂಡಿಟ್ಟುಕೊಳ್ಳುವ ಕೆಲಸ ಈಗಲೂ ಮಾಹಿತಿ ಹಕ್ಕಿನ ಕಾರ್ಯಕರ್ತರ ತಲೆಯ ಮೇಲೆಯೇ ಇದೆ.

ಇದು ಬರೀ ಕಾಗದಪತ್ರಗಳ ಜಗಳವಲ್ಲ ಎಂಬುದಕ್ಕೆ ಸ್ಲೊವಾಕಿಯದ ಪತ್ರಕರ್ತ ಯಾನ್ ಕುಸಿಯಾಕ್‌ನ ನೆನಪೊಂದು ಸಾಕು. 2018ರ ಫೆಬ್ರುವರಿಯಲ್ಲಿ ಆತನನ್ನೂ ಆತನ ಭಾವಿ ಪತ್ನಿ ಮಾರ್ಟಿನಾ ಕುಶ್ನಿರೋವಾಳನ್ನೂ ಮನೆಯಲ್ಲೇ ಗುಂಡಿಟ್ಟು ಕೊಂದರು. ಕೊಲೆಗೆ ಆತ ಬರೆದಿದ್ದ ಬೇರೆ ವರದಿಗಳೇ ಕಾರಣವೆಂದು ಪ್ರಾಸಿಕ್ಯೂಷನ್ ವಾದಿಸಿದೆ. ಆದರೆ ಆತ ಅರ್ಧಕ್ಕೆ ಬಿಟ್ಟುಹೋದ ಕೊನೆಯ ಲೇಖನ ಪೂರ್ವ ಸ್ಲೊವಾಕಿಯದಲ್ಲಿ ಐರೋಪ್ಯ ಕೃಷಿ ಸಬ್ಸಿಡಿಯನ್ನು ಬಾಚುತ್ತಿದ್ದ, ಇಟಲಿಯ ಮಾಫಿಯಾ ನಂಟಿನ ಆರೋಪ ಹೊತ್ತಿದ್ದವರ ಕುರಿತಾಗಿತ್ತು.

ಪಟ್ಟಿ ಕೈಗೆ ಬಂದ ಮೇಲೆ ಚಳವಳಿಗೆ ಒಂದು ಸೂತ್ರ ಸಿಕ್ಕಿತು: ಸಾರ್ವಜನಿಕ ಹಣ ಸಾರ್ವಜನಿಕ ಹಿತಕ್ಕೆ. ಶುದ್ಧ ನೀರು, ಫಲವತ್ತಾದ ಮಣ್ಣು, ಜೇನ್ನೊಣ, ಬದುವಿನ ಹೂವು, ಪ್ರಾಣಿಗಳ ನೆಮ್ಮದಿ, ಹಳ್ಳಿಯ ಬದುಕು. ಇವನ್ನು ಕಾಯುವವನಿಗೆ ಹಣ ಕೊಡಿ, ಬರೀ ಜಮೀನು ಇಟ್ಟುಕೊಂಡವನಿಗಲ್ಲ. 2013ರಲ್ಲಿ ಐರೋಪ್ಯ ಸಂಸತ್ತಿಗೆ ಮೊದಲ ಬಾರಿಗೆ ಕೃಷಿ ನೀತಿಯ ಮೇಲೆ ಸಚಿವರ ಮಂಡಳಿಗೆ ಸರಿಸಮನಾದ ಅಧಿಕಾರ ಬಂದಿತ್ತು. ಅದರ ಹಿಂದಿನ ವರ್ಷ ಹಲವು ದೇಶಗಳಿಂದ ನಡಿಗೆಯಲ್ಲಿ, ಸೈಕಲ್‌ಗಳಲ್ಲಿ ಬ್ರಸೆಲ್ಸ್‌ಗೆ ಜಾಥಾ ಹೋಯಿತು. ನೇರ ಪಾವತಿಯ ನೂರಕ್ಕೆ ಮೂವತ್ತು ಭಾಗಕ್ಕೆ ‘ಹಸಿರು’ ಷರತ್ತು ಬಿತ್ತು. ಆದರೆ ಸಚಿವರೂ ದೊಡ್ಡ ರೈತ ಲಾಬಿಯೂ ಸೇರಿ ಷರತ್ತನ್ನು ಎಷ್ಟು ನೀರಾಗಿಸಿದರೆಂದರೆ, 2017ರಲ್ಲಿ ಒಕ್ಕೂಟದ ಲೆಕ್ಕ ಪರಿಶೋಧಕರು ನೋಡಿದಾಗ ಬೇಸಾಯದ ಕ್ರಮ ಬದಲಾಗಿದ್ದದ್ದು ನೂರಕ್ಕೆ ಐದರಷ್ಟು ಭೂಮಿಯಲ್ಲಿ ಮಾತ್ರ. ಉಳಿದ ತೊಂಬತ್ತೈದರಲ್ಲಿ ರೈತ ಹಿಂದೆ ಮಾಡುತ್ತಿದ್ದದ್ದನ್ನೇ ಮಾಡಿ ಹಸಿರು ಹಣ ಎಣಿಸಿಕೊಂಡಿದ್ದ. 2021ರಲ್ಲಿ ಅದೇ ಪರಿಶೋಧಕರು, ಹವಾಮಾನ ರಕ್ಷಣೆಯ ಹೆಸರಿನಲ್ಲಿ 2014-20ರ ನಡುವೆ ಕೃಷಿಗೆ ಲೆಕ್ಕ ತೋರಿಸಿದ ಹತ್ತು ಸಾವಿರ ಕೋಟಿ ಯೂರೊದಿಂದ ಹಸಿರುಮನೆ ಅನಿಲಗಳ ಪ್ರಮಾಣ ಹೇಳಿಕೊಳ್ಳುವಂತೆ ಇಳಿಯಲಿಲ್ಲ ಎಂದರು.

ಇಷ್ಟರಲ್ಲಿ ಹೊಲಗಳು ಮೌನವಾಗುತ್ತಿದ್ದವು. ಜರ್ಮನಿಯ ಕ್ರೇಫೆಲ್ಡ್ ಊರಿನ ಹವ್ಯಾಸಿ ಕೀಟತಜ್ಞರ ಸಂಘವೊಂದು ರಕ್ಷಿತ ಪ್ರದೇಶಗಳಲ್ಲಿ ಬಲೆ ಕಟ್ಟಿ, 27 ವರ್ಷಗಳ ಕಾಲ ಹಾರುವ ಕೀಟಗಳನ್ನು ತೂಗಿ ಇಟ್ಟಿತ್ತು. 2017ರಲ್ಲಿ ಆ ಲೆಕ್ಕ ಪ್ರಕಟವಾದಾಗ ತೂಕ ನೂರಕ್ಕೆ 75ಕ್ಕಿಂತ ಹೆಚ್ಚು ಇಳಿದಿತ್ತು. 2023ರಲ್ಲಿ ಬಂದ ಇನ್ನೊಂದು ಅಧ್ಯಯನದಂತೆ ಯುರೋಪಿನ ಹೊಲದ ಹಕ್ಕಿಗಳ ಸಂಖ್ಯೆ 37 ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿದೆ. ಮುಖ್ಯ ಕಾರಣ ಕೀಟನಾಶಕ ಮತ್ತು ರಸಗೊಬ್ಬರಗಳ ತೀವ್ರ ಬಳಕೆ. ಇಂಥ ಸುದ್ದಿಗಳು ನಗರದ ಜನರನ್ನು ತಟ್ಟಿದವು. 2017ರಲ್ಲಿ ಕೃಷಿ ನೀತಿಯ ಬಗ್ಗೆ ಆಯೋಗ ಅಭಿಪ್ರಾಯ ಕೇಳಿದಾಗ 3 ಲಕ್ಷ 20 ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಏಳು ದೇಶಗಳಿಂದ ಹತ್ತು ಲಕ್ಷ ಸಹಿ ಕೂಡಿಸಿದರೆ ಆಯೋಗ ಉತ್ತರ ಕೊಡಲೇಬೇಕೆಂಬ ನಾಗರಿಕ ಮನವಿಯ ಅವಕಾಶ ಅಲ್ಲಿದೆ. ಗ್ಲೈಫೊಸೇಟ್ ಕಳೆನಾಶಕದ ವಿರುದ್ಧ, ಪಂಜರದ ಪಶುಸಂಗೋಪನೆಯ ವಿರುದ್ಧ, ‘ಜೇನ್ನೊಣಗಳನ್ನೂ ರೈತರನ್ನೂ ಉಳಿಸಿ’ ಎಂದು, ಮೂರು ಬಾರಿ ಹತ್ತು ಲಕ್ಷ ಮೀರಿತು. ಪಂಜರ ನಿಷೇಧಕ್ಕೆ ಸಹಿ ಹಾಕಿದವರು ಸುಮಾರು 14 ಲಕ್ಷ. 2023ರೊಳಗೆ ಮಸೂದೆ ತರುತ್ತೇವೆಂದು 2021ರಲ್ಲಿ ಆಯೋಗ ಮಾತು ಕೊಟ್ಟಿತು. ಆ ವರ್ಷ ಬಂತು, ಹೋಯಿತು, ಮಸೂದೆ ಬರಲಿಲ್ಲ. ಗ್ಲೈಫೊಸೇಟ್ ಪರವಾನಗಿ 2023ರಲ್ಲಿ ಇನ್ನೂ ಹತ್ತು ವರ್ಷಕ್ಕೆ ನವೀಕರಣಗೊಂಡಿತು.

ಎಲ್ಲವೂ ಸೋಲಲ್ಲ. ಹೆಚ್ಚು ಸದ್ದು ಮಾಡದ ಒಂದು ಗೆಲುವು 2019ರ ವ್ಯಾಪಾರ ನಿರ್ದೇಶನ. ಬೇಗ ಕೆಡುವ ಸರಕಿನ ಹಣವನ್ನು ದೊಡ್ಡ ಖರೀದಿದಾರ 30 ದಿನದೊಳಗೆ ಕೊಡಬೇಕು, ಕೊನೇ ಗಳಿಗೆಯಲ್ಲಿ ಬೇಡಿಕೆ ರದ್ದು ಮಾಡಬಾರದು, ಸರಕು ಕೈಸೇರಿದ ಮೇಲೆ ಒಪ್ಪಂದವನ್ನು ಏಕಪಕ್ಷೀಯವಾಗಿ ಬದಲಿಸಬಾರದು ಎಂದು ಅದು ಹೇಳುತ್ತದೆ. ಕಬ್ಬು ಅರೆದು ತಿಂಗಳುಗಳಾದರೂ ಕಾರ್ಖಾನೆಯ ಬಾಕಿಗೆ ಕಾಯುವ ಬೆಳಗಾವಿ, ಬಾಗಲಕೋಟೆಯ ರೈತನಿಗೆ ಇದರ ಬೆಲೆ ತಿಳಿದೀತು. ನಮ್ಮಲ್ಲಿ 14 ದಿನದೊಳಗೆ ಹಣ ಕೊಡಬೇಕೆಂಬ ಆದೇಶ 1966ರಿಂದಲೇ ಇದೆ; ಇರುವುದು ಬೇರೆ, ನಡೆಯುವುದು ಬೇರೆ.

2024ರ ಜನವರಿ ಈ ಚಳವಳಿಗೆ ಕನ್ನಡಿ ಹಿಡಿದ ತಿಂಗಳು. ಉಕ್ರೇನ್ ಯುದ್ಧದಿಂದ ಗೊಬ್ಬರ, ಇಂಧನಗಳ ಬೆಲೆ ಏರಿತ್ತು. ಧಾನ್ಯದ ಬೆಲೆ ಮತ್ತೆ ಇಳಿದಿತ್ತು. ಜರ್ಮನಿ ಸರ್ಕಾರ ಕೃಷಿ ಡೀಸೆಲ್ಲಿನ ರಿಯಾಯಿತಿ ಕಡಿತಗೊಳಿಸಲು ಹೊರಟಿತು. ಜನವರಿ 15ರ ಸೋಮವಾರ ಸಾವಿರಾರು ಟ್ರ್ಯಾಕ್ಟರುಗಳು ಬರ್ಲಿನ್ನಿನ ಬ್ರಾಂಡೆನ್‌ಬರ್ಗ್ ದ್ವಾರದ ಮುಂದೆ ಬಂದು ನಿಂತವು. ಹಣಕಾಸು ಸಚಿವರು ಮಾತನಾಡಲು ನಿಂತರೆ ಕೂಗಿ ಅಡ್ಡಿಪಡಿಸಿದರು. ಅದೇ ವಾರದ ಶನಿವಾರ, ಅದೇ ಊರಿನಲ್ಲಿ, ಸೂಪು ಕುಡಿಯುವ ನಮ್ಮ ಹಳೆಯ ಮೆರವಣಿಗೆಯವರೂ ತಮ್ಮ ಟ್ರ್ಯಾಕ್ಟರುಗಳೊಂದಿಗೆ ಬಂದರು. ಸಂಖ್ಯೆ ಸಾವಿರಗಳಲ್ಲೇ ಇತ್ತಾದರೂ ಹಿಂದಿನ ಭರವಿರಲಿಲ್ಲ. ಬೆಂಕಿ ಫ್ರಾನ್ಸ್, ಬೆಲ್ಜಿಯಂ, ಪೋಲೆಂಡ್, ಸ್ಪೇನ್‌ಗಳಿಗೆ ಹಬ್ಬಿತು. ಫೆಬ್ರುವರಿ 1ರಂದು ಬ್ರಸೆಲ್ಸ್‌ನಲ್ಲಿ ಐರೋಪ್ಯ ಸಂಸತ್ತಿನ ಎದುರು ಟೈರು ಉರಿದವು, ಮೊಟ್ಟೆ ಹಾರಿದವು.

ಅಂದು ಬೀದಿಯಲ್ಲಿದ್ದವರೆಲ್ಲ ಒಂದೇ ಮಾತು ಹೇಳುತ್ತಿರಲಿಲ್ಲ. ವಿಯಾ ಕಂಪೆಸಿನಾದ ಸಣ್ಣ ರೈತರು ಕೇಳಿದ್ದು ನ್ಯಾಯವಾದ ಬೆಲೆ, ಉತ್ಪಾದನಾ ವೆಚ್ಚಕ್ಕಿಂತ ಕಡಿಮೆಗೆ ಕೊಳ್ಳದಂತೆ ನಿಷೇಧ, ದಕ್ಷಿಣ ಅಮೆರಿಕದ ಮರ್ಕೊಸೂರ್ ದೇಶಗಳೊಡನೆ ಮುಕ್ತ ವ್ಯಾಪಾರ ಬೇಡವೆಂದು. ಜರ್ಮನಿಯ ಸಣ್ಣ ರೈತರ ಸಂಘ ಎಬಿಎಲ್‌ನಂಥ ದೊಡ್ಡ ಹೆಸರೇನೂ ಇಲ್ಲದ ಹೈನುಗಾರರ ಕೂಟಗಳು ಬಹುಕಾಲದಿಂದ ಕೇಳುತ್ತಿದ್ದದ್ದೂ ಅದನ್ನೇ: ಡೇರಿ ನಮ್ಮ ಹಾಲು ಅಳೆದುಕೊಳ್ಳುವ ಮೊದಲೇ ಬೆಲೆ ಬರೆದುಕೊಡಲಿ. ದೊಡ್ಡ ಸಂಘಟನೆಗಳ ಒತ್ತು ಪರಿಸರ ನಿಯಮಗಳು ಹೊರೆಯಾಗಿವೆ ಎಂಬುದರ ಮೇಲಿತ್ತು. ಆಯೋಗ ಯಾವುದನ್ನು ಕೊಟ್ಟಿತು? ಕೀಟನಾಶಕ ಬಳಕೆಯನ್ನು ಅರ್ಧಕ್ಕಿಳಿಸುವ ಮಸೂದೆಯನ್ನು ಫೆಬ್ರುವರಿ 6ರಂದು ಹಿಂದಕ್ಕೆ ಪಡೆಯುವುದಾಗಿ ಅಧ್ಯಕ್ಷೆ ಉರ್ಸುಲಾ ಫಾನ್ ಡರ್ ಲೇಯನ್ ಘೋಷಿಸಿದರು. ನೂರಕ್ಕೆ ನಾಲ್ಕರಷ್ಟು ನೆಲವನ್ನು ಹಕ್ಕಿ ಹುಳುಗಳಿಗಾಗಿ ಬೀಳುಬಿಡಬೇಕೆಂಬ ಕಡ್ಡಾಯ ಕೆಲವೇ ತಿಂಗಳಲ್ಲಿ ಹೋಯಿತು. ಹತ್ತು ಹೆಕ್ಟೇರಿಗಿಂತ ಚಿಕ್ಕ ಹಿಡುವಳಿಗಳಿಗೆ ತಪಾಸಣೆಯಿಂದ ವಿನಾಯಿತಿ ಸಿಕ್ಕಿತು ನಿಜ. ಬೆಲೆಯ ಮಾತು ಹಾಗೆಯೇ ಉಳಿಯಿತು. ಪರಿಸರ ನಿಯಮ ಸಡಿಲಿಸಲು ಖಜಾನೆಯಿಂದ ಒಂದು ಯೂರೊ ಕೂಡ ಬೇಕಾಗಿಲ್ಲ. ಸೂಪರ್ ಮಾರ್ಕೆಟ್ಟಿನ ದೊರೆಗಳನ್ನು ಎದುರು ಹಾಕಿಕೊಳ್ಳಬೇಕಾಗಿಯೂ ಇಲ್ಲ.

ಇಲ್ಲಿ ನಾಗರಿಕ ಸಂಘಟನೆಗಳ ತಪ್ಪೂ ಇದೆ ಎಂದು ನನಗನ್ನಿಸುತ್ತದೆ. ಹಕ್ಕಿಯ ಲೆಕ್ಕವನ್ನು ಹಿಡಿದಷ್ಟು ಬಿಗಿಯಾಗಿ ಅವು ಹಾಲಿನ ದರವನ್ನು ಹಿಡಿಯಲಿಲ್ಲ. ಬ್ರಸೆಲ್ಸ್‌ನ ಕಚೇರಿಗಳಲ್ಲಿ ಕುಳಿತ ಪರಿಸರ ಸಂಸ್ಥೆಗಳ ಪರಿಣತರಿಗೆ ಶೇಕಡಾವಾರು ಭಾಷೆ ಚೆನ್ನಾಗಿ ಬರುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆದ್ದು ಹಾಲು ಕರೆದು ಲೀಟರಿಗೆ ನಷ್ಟ ಹೊರುವವನಿಗೆ ಆ ಭಾಷೆಯಲ್ಲಿ ಕೇಳಿಸಿದ್ದು ಇನ್ನೊಂದು ಅರ್ಜಿ, ಇನ್ನೊಬ್ಬ ಇನ್‌ಸ್ಪೆಕ್ಟರು. ಒಕ್ಕೂಟ ಬಿಟ್ಟುಹೋದ ಇಂಗ್ಲೆಂಡ್ ಹೆಕ್ಟೇರು ಲೆಕ್ಕದ ಪಾವತಿಯನ್ನೇ ಕ್ರಮೇಣ ಕೈಬಿಟ್ಟು, ‘ಸಾರ್ವಜನಿಕ ಹಣ ಸಾರ್ವಜನಿಕ ಹಿತಕ್ಕೆ’ ಎಂಬುದನ್ನೇ ನೀತಿಯಾಗಿಸಿಕೊಂಡಿತ್ತು. 2025ರ ಮಾರ್ಚ್‌ನಲ್ಲಿ ಹಣ ಮುಗಿಯಿತೆಂದು ಅದರ ಮುಖ್ಯ ಯೋಜನೆಯ ಹೊಸ ಅರ್ಜಿಗಳನ್ನು ಒಂದೇ ಸಂಜೆಯಲ್ಲಿ ನಿಲ್ಲಿಸಿಬಿಟ್ಟರು. ಹಳೆಯದನ್ನು ಬಿಟ್ಟು ಹೊಸದನ್ನು ನಂಬಿದವರು ಬೀದಿಗೆ ಬಿದ್ದರು.

ಗಲಭೆಯ ನಡುವೆಯೇ ಆಯೋಗ ಒಂದು ಒಳ್ಳೆಯ ಕೆಲಸ ಮಾಡಿತು. ದೊಡ್ಡ ರೈತ ಸಂಘಟನೆಗಳು, ಸಣ್ಣ ರೈತರು, ಆಹಾರ ಉದ್ಯಮ, ಪರಿಸರ ಸಂಸ್ಥೆಗಳು ಇತ್ಯಾದಿಗಳಿಂದ 29 ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ, ಜರ್ಮನಿಯ ಪ್ರಾಧ್ಯಾಪಕ ಪೀಟರ್ ಸ್ಟ್ರೋಶ್ನೈಡರ್ ಅವರ ಅಧ್ಯಕ್ಷತೆಯಲ್ಲಿ ಮಾತಿಗೆ ಹಚ್ಚಿತು. ಏಳು ತಿಂಗಳಾದ ಮೇಲೆ, 2024ರ ಸೆಪ್ಟೆಂಬರ್ 4ರಂದು, ಅವರು ಒಮ್ಮತದ ವರದಿ ಕೊಟ್ಟರು. ಬೀದಿಯಲ್ಲಿ ಪರಸ್ಪರ ಬೈದಾಡಿದವರು ಒಟ್ಟಾಗಿ ಸಹಿ ಹಾಕಿದ ಆ ವರದಿಯ ಮುಖ್ಯ ಮಾತು: ಆದಾಯದ ನೆರವು ಅದರ ಅಗತ್ಯ ಹೆಚ್ಚಿರುವವರಿಗೆ ಹೋಗಲಿ, ಪರಿಸರ ಕಾಯುವ ಕೆಲಸಕ್ಕೆ ಬೇರೆಯಾಗಿ, ಧಾರಾಳವಾಗಿ ಹಣ ಕೊಡಿ.

ಅದಾಗಿ ಹತ್ತು ತಿಂಗಳಿಗೆ, 2025ರ ಜುಲೈನಲ್ಲಿ, 2028-34ರ ಬಜೆಟ್ ಪ್ರಸ್ತಾವ ಬಂತು. ಕೃಷಿ ನಿಧಿಯನ್ನು ಇತರ ನಿಧಿಗಳ ಜೊತೆ ಒಂದೇ ದೊಡ್ಡ ಬುಟ್ಟಿಗೆ ಹಾಕಿ, ರೈತರ ಆದಾಯಕ್ಕೆಂದು ಸುಮಾರು 30,000 ಕೋಟಿ ಯೂರೊವನ್ನು ಮೀಸಲಿಡುವುದು ಅದರ ಆಶಯ. ಪರಿಸರಕ್ಕೆಂದು ಈಗಿರುವ ಕನಿಷ್ಠ ಪಾಲಿನ ಕಟ್ಟುಪಾಡು ಅದರಲ್ಲಿಲ್ಲ. ದೊಡ್ಡ ರೈತ ಸಂಘಟನೆಗಳೂ ಪರಿಸರ ಸಂಸ್ಥೆಗಳೂ, ಬೇರೆ ಬೇರೆ ಕಾರಣಗಳಿಗಾಗಿ, ಒಟ್ಟಿಗೆ ವಿರೋಧಿಸಿದವು. ಅದೇ ಪ್ರಸ್ತಾವದಲ್ಲಿ ಇನ್ನೊಂದು ಸಾಲೂ ಇತ್ತು: ಒಬ್ಬ ರೈತನಿಗೆ ವರ್ಷಕ್ಕೆ ಒಂದು ಲಕ್ಷ ಯೂರೊಗಿಂತ ಹೆಚ್ಚು ಆದಾಯ ನೆರವು ಇಲ್ಲ. ಹಳೆಯ ಬರ್ಲಿನ್ ಮೆರವಣಿಗೆಯ ಫಲಕಗಳಲ್ಲಿ ಇದ್ದ ಬೇಡಿಕೆಯೇ ಇದು. ಆದರೆ ಯಾರೂ ಕುಣಿದಾಡಲಿಲ್ಲ. 2018ರಲ್ಲಿಯೂ ಆಯೋಗ ಇದೇ ಒಂದು ಲಕ್ಷದ ಮಿತಿಯನ್ನು ಕಡ್ಡಾಯವೆಂದು ಬರೆದಿತ್ತು. ಮೂರು ವರ್ಷಗಳ ಚೌಕಾಸಿ ಮುಗಿದು ಅದು ಸಚಿವರ ಮಂಡಳಿಯಿಂದ ಹೊರಬರುವ ಹೊತ್ತಿಗೆ ‘ಬೇಕಿದ್ದರೆ ಮಾಡಿಕೊಳ್ಳಬಹುದು’ ಎಂದಾಗಿತ್ತು. ಹೆಚ್ಚಿನ ದೇಶಗಳಿಗೆ ಅದು ಬೇಕಿರಲಿಲ್ಲ.